ಒಂದೇ ಏಟಿಗೆ ಎರಡು ಸದ್ದು: ಇ-ಡ್ರಮ್‌ನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಕಳೆದ ವರ್ಷ ಅಕ್ಟೋಬರ್‌ನಲ್ಲಿ ಠಾಣೆಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಮನೆಯವರು ಮಂಗಳೂರು ಕಡೆಯವರು, ಇವನು ಹುಟ್ಟಿ ಬೆಳೆದಿದ್ದು ಇಲ್ಲೇ, ಮುಂಬೈ ಕಡೆ. ಅವರ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಾಲ್ಕು ಹಾಡಿನ ಟ್ರ್ಯಾಕ್ ಮಾಡಿಕೊಡ್ತೇನೆ ಅಂತ ಒಪ್ಪಿಕೊಂಡಿದ್ದ. ನುಡಿಸುತ್ತಿದ್ದದ್ದು ಇ-ಡ್ರಮ್, ಅಂದರೆ ಪ್ಯಾಡುಗಳಿಗೆ ಹೊಡೆದರೆ ಮಾಡ್ಯೂಲ್ ಅನ್ನುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಿಂದ ಸದ್ದು ಬರುವ ಡ್ರಮ್. ಅದರಲ್ಲಿ ನುಡಿಸುವವರ ಎದುರಿಗೇ ಇರುವ ಮುಖ್ಯ ಡ್ರಮ್ಮಿಗೆ ಸ್ನೇರ್ ಅನ್ನುತ್ತಾರೆ. ದಿನ ಹತ್ತಿರ ಬರುತ್ತಿತ್ತು, ದನಿಯಲ್ಲೇ ಗಾಬರಿ ಇತ್ತು.

"ಅಣ್ಣ, ಸ್ನೇರ್‌ಗೆ ಒಂದು ಸಲ ಹೊಡೆದ್ರೆ ಎರಡು ಸಲ ಕೇಳ್ತದೆ. ಅಂಗಡಿಯವರು ಮಾಡ್ಯೂಲ್ ಹೋಗಿದೆ, ಹೊಸತು ತಗೊಳ್ಳಿ ಅಂತಾರೆ. ತಗೊಳ್ಲಾ?"

"ಏನೂ ತಗೋಬೇಡ. ಭಾನುವಾರ ಬರ್ತೇನೆ. ಅಲ್ಲಿವರೆಗೆ ಒಂದು ಸೆಟ್ಟಿಂಗೂ ಮುಟ್ಬೇಡ" ಅಂದೆ.

ನಾನಿರುವ ಡೊಂಬಿವಲಿಯಿಂದ ಠಾಣೆ ದೂರವೇನಲ್ಲ. ಆದರೆ ನಾನು ಹೋಗುವಷ್ಟರಲ್ಲಿ ಅವನು ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದ, ಡ್ರೈವರ್ ಬದಲಿಸಿದ್ದ, ಮಾಡ್ಯೂಲ್‌ನಲ್ಲಿ ನಾಲ್ಕೈದು ಸಂಖ್ಯೆ ಹಿಂದೆ ಮುಂದೆ ಮಾಡಿದ್ದ, ಮೊದಲು ಯಾವುದು ಎಷ್ಟಿತ್ತು ಎಂಬುದು ಅವನಿಗೇ ನೆನಪಿರಲಿಲ್ಲ. ಎಲ್ಲರೂ ಹೀಗೇ ಮಾಡುತ್ತಾರೆ, ಅದಕ್ಕೇ ಈ ಬರಹ. ಎಲ್ಲಕ್ಕಿಂತ ಮೊದಲ ಕೆಲಸ ಇಷ್ಟೇ: ಮಾಡ್ಯೂಲ್‌ನ ಟ್ರಿಗರ್ ಸೆಟ್ಟಿಂಗ್ (ಏಟನ್ನು ಹೇಗೆ ಗುರುತಿಸಬೇಕು ಅನ್ನುವ ಸಂಖ್ಯೆಗಳು) ಇರುವ ಪ್ರತಿ ಪರದೆಯನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಏನು ಕೆಟ್ಟರೂ ವಾಪಸ್ ಬರಲು ದಾರಿ ಇರುತ್ತದೆ.

ಏಟಿನ ದಾರಿ

ದೋಷ ಹುಡುಕಬೇಕಾದರೆ ಒಂದು ಏಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಲೆಯಲ್ಲಿ ಇರಬೇಕು. ಸ್ಟಿಕ್ ಪ್ಯಾಡಿಗೆ ಬೀಳುತ್ತದೆ. ಪ್ಯಾಡಿನೊಳಗೆ ಪೀಜೋ ಅಂತ ಒಂದು ತೆಳು ಬಿಲ್ಲೆ ಇದೆ, ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅದು ಅದುರಿದಾಗ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಕೇಬಲ್ ಅದನ್ನು ಮಾಡ್ಯೂಲ್‌ಗೆ ಒಯ್ಯುತ್ತದೆ. ಮಾಡ್ಯೂಲ್ "ಇದು ಏಟು ಹೌದು, ಇಷ್ಟು ಜೋರು" ಅಂತ ತೀರ್ಮಾನಿಸಿ ಮಿಡಿ ಸಂದೇಶ ಮಾಡುತ್ತದೆ. ಮಿಡಿ ಅಂದರೆ ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ. ಆ ಸಂದೇಶದಲ್ಲಿ ಸದ್ದು ಇರುವುದಿಲ್ಲ. ಯಾವ ನೋಟ್, ಎಷ್ಟು ಜೋರು, ಅಷ್ಟೇ. ಜೋರಿಗೆ ವೆಲಾಸಿಟಿ ಅನ್ನುತ್ತೇವೆ, 1ರಿಂದ 127ರವರೆಗೆ. ಸಂದೇಶ ಯುಎಸ್‌ಬಿ ಮೂಲಕವೋ ಹಳೆಯ ಐದು ಪಿನ್ನಿನ ಮಿಡಿ ಕೇಬಲ್ ಮೂಲಕವೋ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ರೀಪರ್, ಕ್ಯೂಬೇಸ್ ಥರದ ರೆಕಾರ್ಡಿಂಗ್ ಸಾಫ್ಟ್‌ವೇರ್ ಅದನ್ನು ಡ್ರಮ್ಮಿನ ಸದ್ದು ಮಾಡುವ ತಂತ್ರಾಂಶಕ್ಕೆ, ಅಂದರೆ ಡ್ರಮ್ ಪ್ಲಗಿನ್‌ಗೆ ಕೊಡುತ್ತದೆ. ಪ್ಲಗಿನ್ ನುಡಿಸಿದ್ದು ಕಂಪ್ಯೂಟರಿನ ಸದ್ದನ್ನು ಒಳಗೆ ಹೊರಗೆ ಸಾಗಿಸುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸ್ ದಾಟಿ ನಿಮ್ಮ ಹೆಡ್‌ಫೋನಿಗೆ ಬರುತ್ತದೆ.

ಇಷ್ಟು ಉದ್ದದ ದಾರಿಯಲ್ಲಿ ಒಂದು ಕಡೆಯಿಂದ ಹುಡುಕುತ್ತಾ ಹೊರಟರೆ ದಿನವೆಲ್ಲಾ ಹೋಗುತ್ತದೆ. ಮಧ್ಯಕ್ಕೆ ಕತ್ತರಿಸಿ. ಮಾಡ್ಯೂಲ್‌ನಿಂದ ಕಂಪ್ಯೂಟರಿಗೆ ಹೋಗುವ ಎಲ್ಲ ಕೇಬಲ್ ಕಿತ್ತುಹಾಕಿ. ಹೆಡ್‌ಫೋನನ್ನು ನೇರ ಮಾಡ್ಯೂಲ್‌ಗೆ ಚುಚ್ಚಿ. ಮಾಡ್ಯೂಲ್‌ನ ಸ್ವಂತ ಸದ್ದಿನಲ್ಲೇ ನುಡಿಸಿ. ಎರಡು ಸದ್ದು ಈಗಲೂ ಬಂದರೆ ತಪ್ಪು ಪ್ಯಾಡ್, ಕೇಬಲ್, ಮಾಡ್ಯೂಲ್ ಈ ಮೂರರಲ್ಲಿ ಎಲ್ಲೋ ಇದೆ, ಕಂಪ್ಯೂಟರನ್ನು ಮರೆತುಬಿಡಿ. ಬರದಿದ್ದರೆ ಪ್ಯಾಡು ಸರಿ ಇದೆ, ತಪ್ಪು ಕಂಪ್ಯೂಟರ್ ಕಡೆ. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ಹೊಸ ಮಾಡ್ಯೂಲ್ ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಒಂದು ಎಚ್ಚರಿಕೆ. ಡ್ರಮ್ ಕಿಟ್ಟನ್ನು ಒಂದು ಮೊತ್ತವಾಗಿ ನೋಡಬೇಡಿ, ಪ್ಯಾಡ್ ಪ್ಯಾಡಿಗೂ ಬೇರೆ ಬೇರೆಯಾಗಿ ಕೇಳಿ. ಠಾಣೆಯ ಹುಡುಗ "ಸ್ನೇರ್ ಮಾತ್ರ" ಅಂದಿದ್ದ. ನಾನು ಕಂಪ್ಯೂಟರ್ ಮೂಲಕ ಕೇಳಿದಾಗ ಎಲ್ಲ ಪ್ಯಾಡಿನ ಸದ್ದೂ ಟೊಳ್ಳು ಟೊಳ್ಳಾಗಿ, ಪೈಪಿನೊಳಗೆ ಹೊಡೆದ ಹಾಗೆ ಕೇಳುತ್ತಿತ್ತು. ಮಾಡ್ಯೂಲ್‌ನಲ್ಲಿ ಕೇಳಿದರೆ ಟಾಮ್ (ಸ್ನೇರ್ ಸುತ್ತಲಿನ ಡ್ರಮ್ಮುಗಳು), ಕಿಕ್ (ಕಾಲಿನಲ್ಲಿ ನುಡಿಸುವ ಡ್ರಮ್) ಎಲ್ಲ ಗಟ್ಟಿಯಾಗಿ ಚೆನ್ನಾಗಿದ್ದವು, ಸ್ನೇರ್ ಮಾತ್ರ ನಾಲ್ಕೈದು ಏಟಿಗೆ ಒಮ್ಮೆ ಎರಡು ಸಲ ಬಡಿಯುತ್ತಿತ್ತು. ಅಂದರೆ ಅವನ ಹತ್ತಿರ ಇದ್ದದ್ದು ಒಂದು ದೋಷ ಅಲ್ಲ, ಎರಡು. ಒಂದು ಕಂಪ್ಯೂಟರ್ ಕಡೆ, ಒಂದು ಪ್ಯಾಡ್ ಕಡೆ. ಒಂದು ಇನ್ನೊಂದನ್ನು ಮುಚ್ಚಿಹಾಕಿತ್ತು. ವಾರಗಟ್ಟಲೆ ಸಿಗದ ದೋಷಗಳಲ್ಲಿ ಹೀಗಿರುವುದೇ ಜಾಸ್ತಿ ಅಂತ ನನ್ನ ಅನುಭವ.

ಇಪ್ಪತ್ತು ಏಟು ರೆಕಾರ್ಡ್ ಮಾಡಿ, ಆಮೇಲೆ ಕಣ್ಣಿನಲ್ಲಿ ನೋಡಿ

ಕಿವಿಯನ್ನು ಮಾತ್ರ ನಂಬಿದರೆ ಸಾಲದು. ಮೆಟ್ರೊನೋಮ್ ಆಫ್ ಮಾಡಿ, ಒಂದೇ ಪ್ಯಾಡಿಗೆ ಸೆಕೆಂಡಿಗೊಂದರಂತೆ ಇಪ್ಪತ್ತು ಏಟು ಹೊಡೆದು ಮಿಡಿ ರೆಕಾರ್ಡ್ ಮಾಡಿ. ಕೆಲವು ಮೆಲ್ಲಗೆ, ಕೆಲವು ಜೋರಾಗಿ. ಕ್ವಾಂಟೈಸ್ (ನೋಟುಗಳನ್ನು ತಾಳಕ್ಕೆ ತಾನಾಗಿ ಕೂರಿಸುವುದು) ಮಾಡಲೇಬೇಡಿ, ಮಾಡಿದರೆ ಸಾಕ್ಷಿಯೇ ಅಳಿಸಿಹೋಗುತ್ತದೆ. ಮಿಡಿ ಎಡಿಟರ್ ತೆರೆದು ಒಂದೇ ಒಂದು ಏಟು ಪರದೆ ತುಂಬುವಷ್ಟು ಹತ್ತಿರ ಹೋಗಿ. ಈವೆಂಟ್ ಲಿಸ್ಟ್ ಇದ್ದರೆ ಅದನ್ನೂ ತೆರೆಯಿರಿ, ಅದರಲ್ಲಿ ಹೊತ್ತು, ನೋಟ್ ಸಂಖ್ಯೆ, ವೆಲಾಸಿಟಿ ಮೂರೂ ಒಂದೇ ಸಾಲಿನಲ್ಲಿ ಸಿಗುತ್ತವೆ.

ಈಗ ಮೂರು ಪ್ರಶ್ನೆ. ಒಂದು ಏಟಿಗೆ ಎಷ್ಟು ನೋಟ್ ಬಂದಿದೆ? ಎರಡು ಬಂದಿದ್ದರೆ ನಡುವೆ ಎಷ್ಟು ಮಿಲಿಸೆಕೆಂಡ್? ಎರಡರ ವೆಲಾಸಿಟಿ ಒಂದೇನಾ, ಬೇರೆಯಾ? ಈ ಮೂರಕ್ಕೆ ಉತ್ತರ ಸಿಕ್ಕರೆ ದೋಷ ಮುಕ್ಕಾಲು ಪಾಲು ಸಿಕ್ಕ ಹಾಗೇ.

ಕೆಲವರು ಮಿಡಿ ಮಾನಿಟರ್ ತಂತ್ರಾಂಶ ತೆರೆದು ನೋಡುತ್ತಾರೆ, ವಿಂಡೋಸ್‌ನಲ್ಲಿ ಮಿಡಿ-ಆಕ್ಸ್ ಥರದ್ದು. ಒಳ್ಳೆಯದೇ. ಆದರೆ ಅದರಲ್ಲಿ ಕಾಣುವ ಎಲ್ಲವೂ ದೋಷವಲ್ಲ. ನೋಟ್ ಆನ್ (ನುಡಿಸು ಅನ್ನುವ ಸಂದೇಶ) ಬಂದು ಸ್ವಲ್ಪ ಹೊತ್ತಿಗೆ ಅದೇ ನೋಟ್ ವೆಲಾಸಿಟಿ 0 ಎಂದು ಬಂದರೆ ಅದು ಎರಡನೇ ಏಟಲ್ಲ, ಮೊದಲನೆಯದು ಮುಗಿಯಿತು ಅನ್ನುವ ಸೂಚನೆ. ಸುಮಾರು 300 ಮಿಲಿಸೆಕೆಂಡಿಗೊಮ್ಮೆ ತಪ್ಪದೆ ಒಂದು ಸಂದೇಶ ಬರುತ್ತಿದ್ದರೆ ಅದು ಆಕ್ಟಿವ್ ಸೆನ್ಸಿಂಗ್, "ನಾನಿನ್ನೂ ಇದ್ದೇನೆ" ಅಂತ ಮಾಡ್ಯೂಲ್ ಹೇಳುವುದು. ಹೈಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್) ಪೆಡಲ್ ಒತ್ತಿದಾಗ ಅದು ಎಷ್ಟು ಒತ್ತಿದೆ ಅಂತ ತಿಳಿಸುವ ಕಂಟ್ರೋಲ್ 4ರ ಸಂದೇಶಗಳು ಮಳೆ ಹೊಯ್ದಂತೆ ಬರುತ್ತವೆ, ಅದೂ ಸಹಜ. ಪೆಡಲ್ ಮುಚ್ಚಿದಾಗ ಬರುವ 44ನೇ ನೋಟನ್ನೂ ದೋಷ ಅಂತ ಅಳಿಸಬೇಡಿ, ಅದು ಕಾಲಿನ "ಚಿಕ್".

ನೋಟ್ ಒಂದೇ, ಸದ್ದು ಎರಡು

ಪರದೆಯಲ್ಲಿ ಒಂದೇ ನೋಟ್ ಇದೆ, ಕಿವಿಗೆ ಎರಡು ಬೀಳುತ್ತಿದೆ ಅಂದರೆ ಸದ್ದು ಎರಡು ದಾರಿಯಲ್ಲಿ ಬರುತ್ತಿದೆ. ಸಾಮಾನ್ಯವಾಗಿ ಮಾಡ್ಯೂಲ್‌ನ ಸ್ವಂತ ಸದ್ದು ಒಂದು, ಪ್ಲಗಿನ್‌ನ ಸದ್ದು ಇನ್ನೊಂದು. ಮಾಡ್ಯೂಲ್‌ನದು ತಕ್ಷಣ ಬರುತ್ತದೆ, ಪ್ಲಗಿನ್‌ನದು ಬಫರ್ (ಕಂಪ್ಯೂಟರ್ ಸದ್ದನ್ನು ಸ್ವಲ್ಪ ಸ್ವಲ್ಪ ಕೂಡಿಟ್ಟು ಕಳಿಸುವ ಜಾಗ) ದಾಟಿ ಸ್ವಲ್ಪ ತಡವಾಗಿ ಬರುತ್ತದೆ, ಎರಡೂ ಸೇರಿ ಫ್ಲ್ಯಾಮ್ (ಎರಡು ಸ್ಟಿಕ್ ತುಸುವೇ ಹಿಂದೆ ಮುಂದೆ ಬೀಳುವ ಏಟು) ಹೊಡೆದ ಹಾಗೆ ಕೇಳುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಬಫರ್ ಸೈಜನ್ನು 128ರಿಂದ 1024ಕ್ಕೆ ಏರಿಸಿ ಮತ್ತೆ ಹೊಡೆಯಿರಿ. ಸೆಕೆಂಡಿಗೆ 44,100 ಸ್ಯಾಂಪಲ್ ಇರುವಾಗ 128 ಸ್ಯಾಂಪಲ್ ಅಂದರೆ ಸುಮಾರು 2.9 ಮಿಲಿಸೆಕೆಂಡ್, 1024 ಅಂದರೆ ಸುಮಾರು 23. ಎರಡು ಸದ್ದಿನ ನಡುವಿನ ಅಂತರ ಬಫರ್ ಜೊತೆಗೇ ಹಿಗ್ಗಿದರೆ ಅನುಮಾನವೇ ಬೇಡ. ಮಾಡ್ಯೂಲ್‌ನಿಂದ ಇಂಟರ್‌ಫೇಸಿಗೆ ಬಂದಿರುವ ಆಡಿಯೋ ಕೇಬಲ್ ತೆಗೆಯಿರಿ, ಇಲ್ಲವೇ ಇಂಟರ್‌ಫೇಸ್ ಮೇಲಿನ ಡೈರೆಕ್ಟ್ ಮಾನಿಟರ್ (ಒಳಬಂದ ಸದ್ದನ್ನು ನೇರ ಹೆಡ್‌ಫೋನಿಗೆ ಕೊಡುವುದು) ಆಫ್ ಮಾಡಿ, ಮಾಡ್ಯೂಲ್‌ನಲ್ಲಿ ಲೋಕಲ್ ಕಂಟ್ರೋಲ್ (ಹೊಡೆದಾಗ ಮಾಡ್ಯೂಲ್ ತಾನೇ ಸದ್ದು ಮಾಡುವ ಆಯ್ಕೆ) ಇದ್ದರೆ ಅದನ್ನು ಆಫ್ ಮಾಡಿ. ಇದರಲ್ಲೂ ಹೋಗದಿದ್ದರೆ ಒಂದೇ ಇನ್‌ಪುಟ್ ಇಟ್ಟುಕೊಂಡು ಎರಡು ಟ್ರ್ಯಾಕ್ ರೆಕಾರ್ಡ್‌ಗೆ ಸಿದ್ಧವಾಗಿದ್ದಾವಾ ನೋಡಿ. ಹಳೆಯ ಟೇಕಿನ ಟ್ರ್ಯಾಕ್ ಕೆಳಗೆಲ್ಲೋ ಕೆಂಪು ದೀಪ ಹಚ್ಚಿಕೊಂಡು ಕೂತಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ.

ಎರಡು ನೋಟ್, ವೆಲಾಸಿಟಿ ಒಂದೇ

ಠಾಣೆಯಲ್ಲಿ ಸಿಕ್ಕಿದ ಮೊದಲ ದೋಷ ಇದು. ಮಾಮೂಲಿ ಝೂಮ್‌ನಲ್ಲಿ ಎಲ್ಲ ಸರಿಯಾಗೇ ಕಂಡಿತ್ತು. ಒಂದು ಏಟಿಗೆ ಒಂದು ನೋಟ್. ಹತ್ತಿರ, ಇನ್ನೂ ಹತ್ತಿರ ಹೋದಾಗ ಪ್ರತಿ ನೋಟಿನ ಎಡತುದಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಕಾಣಿಸಿತು. ಅದು ಗೆರೆಯಲ್ಲ, ಅದೇ ಒಂದು ನೋಟು. ಅದು ಶುರುವಾದ ಕೂಡಲೇ ಅದೇ ನಂಬರಿನ ಇನ್ನೊಂದು ನೋಟ್ ಬಂದು ಅದನ್ನು ಕತ್ತರಿಸಿತ್ತು. ಈವೆಂಟ್ ಲಿಸ್ಟಿನಲ್ಲಿ ನೋಟ್ 38, ವೆಲಾಸಿಟಿ 94 ಅಂತ ಒಂದು ಸಾಲು, ಕೆಳಗೇ ಮತ್ತೆ 38, 94. ಟಾಮ್‌ನಲ್ಲೂ ಹಾಗೇ, ಕಿಕ್‌ನಲ್ಲೂ ಹಾಗೇ. ಅಂತರ ಒಂದು ಮಿಲಿಸೆಕೆಂಡಿನ ಆಸುಪಾಸು.

ಕೈಯಿಂದಾಗಲಿ ಪ್ಯಾಡಿನ ಅದುರಿನಿಂದಾಗಲಿ ಅಷ್ಟು ಹತ್ತಿರದ, ಅಷ್ಟು ಕರಾರುವಾಕ್ಕಾಗಿ ಸಮನಾದ ಎರಡು ಏಟು ಪ್ರತಿ ಸಲವೂ ಬರಲು ಸಾಧ್ಯವೇ ಇಲ್ಲ. ವೆಲಾಸಿಟಿ ಎಲ್ಲ ಏಟಿನಲ್ಲೂ ಜೋಡಿ ಜೋಡಿಯಾಗಿ ಒಂದೇ ಇದ್ದರೆ ಒಂದೇ ಸಂದೇಶ ಎರಡು ದಾರಿಯಲ್ಲಿ ಕಂಪ್ಯೂಟರ್ ಸೇರುತ್ತಿದೆ ಅಂತಲೇ ಅರ್ಥ.

ಮೇಜಿನ ಹಿಂದೆ ಬಗ್ಗಿ ನೋಡಿದೆ. ಮಾಡ್ಯೂಲ್‌ನಿಂದ ಯುಎಸ್‌ಬಿ ಕೇಬಲ್ ಲ್ಯಾಪ್‌ಟಾಪಿಗೆ ಹೋಗಿತ್ತು, ಐದು ಪಿನ್ನಿನ ಕೇಬಲ್ ಇಂಟರ್‌ಫೇಸಿಗೂ ಹೋಗಿತ್ತು. "ಇದು ಯಾಕೆ?" ಅಂತ ಕೇಳಿದೆ. "ಮೊದ್ಲು ಯುಎಸ್‌ಬಿ ಸಿಗ್ತಾ ಇರ್ಲಿಲ್ಲ ಅಣ್ಣ, ಅದಕ್ಕೆ ಇದನ್ನು ತಂದೆ. ಆಮೇಲೆ ಅದೂ ಸರಿಯಾಯ್ತು" ಅಂದ. ಅವನ ರೀಪರ್ ಟ್ರ್ಯಾಕಿನ ಇನ್‌ಪುಟ್ "ಆಲ್ ಮಿಡಿ ಇನ್‌ಪುಟ್ಸ್" ಅಂತಿತ್ತು. ಎರಡೂ ಬಾಗಿಲು ತೆರೆದಿದ್ದವು.

ಒಂದು ಮಿಲಿಸೆಕೆಂಡ್ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಬಹುದು. ಐದು ಪಿನ್ನಿನ ಮಿಡಿ 1983ರ ಕಾಲದ್ದು, ಸೆಕೆಂಡಿಗೆ 31,250 ಬಿಟ್ ವೇಗ. ಒಂದು ನೋಟ್ ಸಂದೇಶ ಮೂರು ಬೈಟ್, ಒಂದೊಂದು ಬೈಟಿಗೆ ಮುಂದೆ ಹಿಂದೆ ಸೇರಿಸಿ ಹತ್ತು ಬಿಟ್. ಒಟ್ಟು ಮೂವತ್ತು ಬಿಟ್, ಅಂದರೆ 0.96 ಮಿಲಿಸೆಕೆಂಡ್. ಯುಎಸ್‌ಬಿಗೆ ಆ ನಿಧಾನ ಇಲ್ಲ. ಒಂದೇ ಸದ್ದು ಒಂದು ಮಿಲಿಸೆಕೆಂಡ್ ತಡವಾಗಿ ತನ್ನ ಮೇಲೆ ತಾನೇ ಬಿದ್ದರೆ 500 ಹರ್ಟ್ಜ್ ಸುತ್ತಮುತ್ತ ಒಂದಕ್ಕೊಂದು ಹೊಡೆದುಹಾಕಿಕೊಳ್ಳುತ್ತದೆ. ಸ್ನೇರಿನ ಮೈಯೆಲ್ಲ ಸೊರಗಿ ಹೋಗುತ್ತದೆ. ಪೈಪಿನೊಳಗೆ ಹೊಡೆದ ಹಾಗೆ ಕೇಳಿದ್ದು ಅದಕ್ಕೇ.

ಪರಿಹಾರ ಅರ್ಧ ನಿಮಿಷದ್ದು. ಐದು ಪಿನ್ನಿನ ಕೇಬಲ್ ತೆಗೆದೆ. ಟ್ರ್ಯಾಕ್ ಇನ್‌ಪುಟ್‌ನಲ್ಲಿ "ಆಲ್" ಬಿಟ್ಟು ಮಾಡ್ಯೂಲ್‌ನ ಹೆಸರನ್ನೇ ಆರಿಸಿದೆ. ಕ್ಯೂಬೇಸ್‌ನಲ್ಲೂ ಇದೇ "ಆಲ್ ಮಿಡಿ ಇನ್‌ಪುಟ್ಸ್" ಆಯ್ಕೆ ಇದೆ, ಅಲ್ಲೂ ಹೀಗೇ ಮಾಡಿ. ಒಂದು ಕೇಬಲ್ ಮಾತ್ರ ಇದ್ದೂ ಜೋಡಿ ನೋಟ್ ಬರುತ್ತಿದ್ದರೆ ಟ್ರ್ಯಾಕಿನ ಮಿಡಿ ಔಟ್‌ಪುಟ್ ಮತ್ತೆ ಮಾಡ್ಯೂಲ್‌ಗೆ ಹೋಗಿ ಸುತ್ತು ಹಾಕಿ ವಾಪಸ್ ಬರುತ್ತಿರಬಹುದು. ಆ ಔಟ್‌ಪುಟ್ ತೆಗೆದುಹಾಕಿ, ಮಾಡ್ಯೂಲ್‌ನಲ್ಲಿ ಥ್ರೂ (ಬಂದ ಸಂದೇಶವನ್ನು ಹಾಗೇ ಮುಂದಕ್ಕೆ ಕಳಿಸುವ ಆಯ್ಕೆ) ಇದ್ದರೆ ಆಫ್ ಮಾಡಿ.

ಟಾಮ್ ಹೊಡೆದು ಹುಡುಗ ನನ್ನ ಮುಖ ನೋಡಿದ. ಸದ್ದು ತುಂಬಿಕೊಂಡು ಬಂದಿತ್ತು. ಆದರೆ ಸ್ನೇರ್ ಆಗಾಗ ಇನ್ನೂ ಎರಡು ಬಡಿಯುತ್ತಲೇ ಇತ್ತು.

ಎರಡು ನೋಟ್, ಎರಡನೆಯದು ಮೆತ್ತಗೆ

ಮತ್ತೆ ಇಪ್ಪತ್ತು ಏಟು ರೆಕಾರ್ಡ್ ಮಾಡಿಸಿದೆ. ಒಂದು ದೋಷ ತೆಗೆದ ಮೇಲೆ ಹಳೆಯ ರೆಕಾರ್ಡಿಂಗ್ ನೋಡುತ್ತಾ ಕೂರಬೇಡಿ, ಹೊಸದಾಗಿ ಮಾಡಿ. ಈ ಸಲ ತೆಳು ಗೆರೆಗಳು ಹೋಗಿದ್ದವು. ನಾಲ್ಕು ಕಡೆ ಮಾತ್ರ ದೊಡ್ಡ ನೋಟಿನ ಹಿಂದೆ ಒಂದು ಸಣ್ಣ ನೋಟ್ ಇತ್ತು. ಮೊದಲನೆಯದರ ವೆಲಾಸಿಟಿ 101, ಎರಡನೆಯದರದು 22. ನಡುವೆ ಸುಮಾರು 38 ಮಿಲಿಸೆಕೆಂಡ್. ಜೋರಾಗಿ ಹೊಡೆದ ಏಟಿಗಷ್ಟೇ ಬಂದಿತ್ತು, ಮೆಲ್ಲಗೆ ಹೊಡೆದದ್ದಕ್ಕೆ ಬಂದಿರಲಿಲ್ಲ.

ಇದು ರೀಟ್ರಿಗರ್. ಪ್ಯಾಡ್ ಅದುರಿದ್ದು ನಿಲ್ಲುವ ಮೊದಲೇ ಮಾಡ್ಯೂಲ್ ಆ ಅದುರನ್ನು ಇನ್ನೊಂದು ಏಟು ಅಂದುಕೊಳ್ಳುತ್ತಿದೆ. ಇದಕ್ಕೆ ಮಾಡ್ಯೂಲ್‌ನಲ್ಲಿ ಮೂರು ಸೆಟ್ಟಿಂಗ್ ಇರುತ್ತವೆ. ತ್ರೆಶೋಲ್ಡ್ ಅಂದರೆ ಇಷ್ಟಕ್ಕಿಂತ ಮೆತ್ತಗಿದ್ದರೆ ಏಟೇ ಅಲ್ಲ ಅನ್ನುವ ಗೆರೆ. ಮಾಸ್ಕ್ ಟೈಮ್ ಅಂದರೆ ಒಂದು ಏಟಾದ ಮೇಲೆ ಇಷ್ಟು ಹೊತ್ತು ಕಿವಿ ಮುಚ್ಚಿಕೋ ಅನ್ನುವುದು. ರೀಟ್ರಿಗರ್ ಕ್ಯಾನ್ಸಲ್ ಅಂದರೆ ಇಳಿಯುತ್ತಿರುವ ಅದುರಿನ ಬಾಲವನ್ನು ಏಟು ಅಂತ ಲೆಕ್ಕಕ್ಕೆ ಹಿಡಿಯಬೇಡ ಅನ್ನುವುದು. ಮಾಡ್ಯೂಲ್ ಮಾಡ್ಯೂಲ್‌ಗೆ ಹೆಸರು ಸ್ವಲ್ಪ ಬದಲಾಗಬಹುದು, ಕೆಲಸ ಇವೇ.

ಇಲ್ಲೇ ಎಲ್ಲರೂ ಅವಸರ ಮಾಡುವುದು. ಮಾಸ್ಕ್ ಟೈಮನ್ನು ಒಂದೇ ಸಲ 40 ಮಿಲಿಸೆಕೆಂಡಿಗೆ ಏರಿಸಿದರೆ ಈ ಎರಡನೇ ಸದ್ದು ಖಂಡಿತ ನಿಲ್ಲುತ್ತದೆ. ಅದರ ಜೊತೆಗೆ ನಿಮ್ಮ ಫ್ಲ್ಯಾಮ್ ಸತ್ತುಹೋಗುತ್ತದೆ, ಬಝ್ ರೋಲ್ (ಸ್ಟಿಕ್ ತಾನೇ ಪುಟಿದು ಬೀಳುವ ಒತ್ತೊತ್ತಾದ ಏಟುಗಳು) ಹರಿದುಹೋಗುತ್ತದೆ, ಏಕೆಂದರೆ ಅವುಗಳಲ್ಲಿ ಏಟುಗಳ ನಡುವೆ ಇರುವುದೇ ಅಷ್ಟು ಅಂತರ. 120 ಟೆಂಪೋದಲ್ಲಿ ಮೂವತ್ತೆರಡನೇ ನೋಟುಗಳ ನಡುವೆ 62.5 ಮಿಲಿಸೆಕೆಂಡ್ ಇರುತ್ತದೆ, ಅಂದರೆ 40ರಲ್ಲಿ ಬರೀ ಇಂಥ ಸಾದಾ ರೋಲ್ ನುಡಿಸಿ ನೋಡಿದವರಿಗೆ ಏನೂ ಕಳೆದುಹೋದಂತೆ ಕೇಳುವುದಿಲ್ಲ. ಫ್ಲ್ಯಾಮ್ ಬಂದಾಗಲೇ ಗೊತ್ತಾಗುವುದು. ನಾನು ಸ್ನೇರ್‌ಗೆ ಮಾಸ್ಕ್ ಟೈಮನ್ನು 10ರ ಆಚೆ ದಾಟಿಸುವುದಿಲ್ಲ. ಅಲ್ಲಿಗೆ ನಿಲ್ಲದಿದ್ದರೆ ದೋಷ ಸಂಖ್ಯೆಯಲ್ಲಿಲ್ಲ, ವಸ್ತುವಿನಲ್ಲಿದೆ.

ವಸ್ತು ಯಾವುದು ಅಂತ ತಿಳಿಯಲು ಅದಲು ಬದಲು ಮಾಡಿ. ಸ್ನೇರಿನ ಕೇಬಲ್ ತೆಗೆದು ಟಾಮ್ ಪ್ಯಾಡಿಗೆ ಹಾಕಿ, ಟಾಮ್‌ನದ್ದನ್ನು ಸ್ನೇರ್ ಪ್ಯಾಡಿಗೆ ಹಾಕಿ. ಎಲ್ಲ ಕೇಬಲ್ ಒಂದೇ ಕಟ್ಟಾಗಿ ಮಾಡ್ಯೂಲ್‌ಗೆ ಹೋಗುವ ಕಿಟ್‌ನಲ್ಲೂ ಪ್ಯಾಡ್ ತುದಿಯಲ್ಲಿ ಇದನ್ನು ಮಾಡಬಹುದು. ದೋಷ ಪ್ಯಾಡಿನ ಜೊತೆ ಹೋದರೆ ಪ್ಯಾಡ್ ತಪ್ಪು. ಅಲ್ಲೇ ಉಳಿದರೆ ಕೇಬಲ್ಲೋ ಮಾಡ್ಯೂಲ್‌ನ ಆ ಇನ್‌ಪುಟ್ಟೋ ತಪ್ಪು. ಕೇಬಲ್ ಅನುಮಾನ ಇದ್ದರೆ ಪ್ಯಾಡ್ ಮುಟ್ಟದೆ ಜ್ಯಾಕ್ ಹತ್ತಿರ ಕೇಬಲನ್ನು ಮೆಲ್ಲಗೆ ಅಲುಗಿಸಿ, ನೋಟ್ ಬಂದರೆ ಅದೇ ಕಳ್ಳ. ಹಾಂ, ಎರಡು ಜಾಗದ ಪ್ಯಾಡಿಗೆ, ಅಂದರೆ ಹೆಡ್ (ಮೇಲ್ಮೈ) ಬೇರೆ ರಿಮ್ (ಅಂಚು) ಬೇರೆ ಸದ್ದು ಕೊಡುವುದಕ್ಕೆ, ಸ್ಟೀರಿಯೋ ಜ್ಯಾಕಿನ ಕೇಬಲ್ಲೇ ಬೇಕು. ಪಿನ್ನಿನ ಮೇಲೆ ಎರಡು ಕಪ್ಪು ಉಂಗುರ ಇರುತ್ತದೆ. ಮನೆಯಲ್ಲಿ ಬಿದ್ದಿದ್ದ ಗಿಟಾರ್ ಕೇಬಲ್ ಹಾಕಿದರೆ ಉಂಗುರ ಒಂದೇ, ರಿಮ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಹುಡುಗನ ಕಿಟ್‌ನಲ್ಲಿ ದೋಷ ಪ್ಯಾಡಿನ ಜೊತೆ ಹೋಯಿತು. ವಾರಂಟಿ ಮುಗಿದಿತ್ತು, ಹಾಗಾಗಿ ಬಿಚ್ಚಿದೆವು. ವಾರಂಟಿ ಇದ್ದರೆ ದಯವಿಟ್ಟು ಬಿಚ್ಚಬೇಡಿ.

ಪ್ಯಾಡಿನ ಒಳಗೆ

ಪ್ಯಾಡನ್ನು ಮಡಿಸಿದ ಟವೆಲ್ ಮೇಲೆ ಇಟ್ಟು, ಡ್ರಮ್ ಕೀಯಲ್ಲಿ ಆರೂ ಬೋಲ್ಟನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆವು. ಅಂಚಿನ ಬಳೆ ತೆಗೆದು ಮೆಶ್ ಹೆಡ್ (ಬಲೆಯಂಥ ಮೇಲ್ಮೈ) ಎತ್ತಿದರೆ ನಡುವೆ ಒಂದು ಫೋಮ್‌ನ ಗೋಪುರ, ಐಸ್‌ಕ್ರೀಮ್ ಕೋನನ್ನು ತಲೆಕೆಳಗು ಮಾಡಿ ತುದಿ ಕತ್ತರಿಸಿದ ಹಾಗೆ. ಅದರ ಕೆಳಗೆ ಪೀಜೋ ಬಿಲ್ಲೆ. ಬಿಲ್ಲೆಯನ್ನು ಲೋಹದ ಪಟ್ಟಿಗೆ ಎರಡು ಬದಿಯ ಅಂಟು ಟೇಪಿನಲ್ಲಿ ಕೂರಿಸಿರುತ್ತಾರೆ. ಕೋನಿನ ಬುಡವನ್ನು ಬೆರಳಲ್ಲಿ ಮೆಲ್ಲಗೆ ಒಂದು ಪಕ್ಕಕ್ಕೆ ಒತ್ತಿದೆ. ಇನ್ನೊಂದು ಪಕ್ಕ ಎದ್ದಿತು. ಉಗುರು ತೂರುವಷ್ಟು ಸಂದು. ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಹಿಗ್ಗುತ್ತಿತ್ತು.

ಜೋರಾಗಿ ಹೊಡೆದಾಗ ಬಿಲ್ಲೆ ಆ ಸಂದಿನಲ್ಲಿ ಎದ್ದು ಮತ್ತೆ ಪಟ್ಟಿಗೆ ಬಡಿಯುತ್ತಿತ್ತು. ಆ ಬಡಿತವೇ 22 ವೆಲಾಸಿಟಿಯ ಎರಡನೇ ನೋಟ್. ಮೆಲ್ಲಗೆ ಹೊಡೆದಾಗ ಏಳುತ್ತಿರಲಿಲ್ಲ, ಅದಕ್ಕೇ ಆಗ ಬರುತ್ತಿರಲಿಲ್ಲ. ಮುಂಬೈನ ಸೆಕೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಕಿಟಕಿ ಪಕ್ಕದಲ್ಲಿಟ್ಟ ಕಿಟ್. ಇಲ್ಲಿ ಅಂಟು ಬಿಡುವುದು ನಾನು ಬಹಳ ಕಡೆ ನೋಡಿದ್ದೇನೆ.

ಹಳೆಯ ಅಂಟನ್ನು ಹತ್ತಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿದೆವು. ಪೂರ್ತಿ ಆರಲು ಬಿಟ್ಟೆವು. ಫೋಮ್ ಇರುವ ಎರಡು ಬದಿಯ ಟೇಪನ್ನು ಬಿಲ್ಲೆಯ ಅಳತೆಗೆ ದುಂಡಗೆ ಕತ್ತರಿಸಿ ಕೂರಿಸಿದೆವು. ಒತ್ತುವಾಗ ಬಿಲ್ಲೆಯ ಅಂಚನ್ನಷ್ಟೇ ಒತ್ತಿ, ನಡುವಿನ ಬಿಳಿ ಭಾಗ ಪಿಂಗಾಣಿಯದು, ಬಿರುಕು ಬಿಟ್ಟರೆ ಬಿಲ್ಲೆ ಹೋದಂತೆ. ಅದರ ವೈರುಗಳು ಕೂದಲಿನ ಹಾಗಿರುತ್ತವೆ, ಎಳೆಯಬೇಡಿ. ಬೆಸುಗೆ ಬಿಟ್ಟಿದ್ದರೂ, ಬಿಲ್ಲೆಯೇ ಒಡೆದಿದ್ದರೂ ಹೆದರುವುದು ಬೇಡ. ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ, 27 ಮಿಲಿಮೀಟರ್, 35 ಮಿಲಿಮೀಟರ್ ಬಿಲ್ಲೆಗಳು ಸಿಗುತ್ತವೆ, ಹಳೆಯದನ್ನು ಅಳತೆಗೆ ಜೊತೆಗೇ ಒಯ್ಯಿರಿ. ಪ್ಯಾಡಿಗೆ ಹೋಲಿಸಿದರೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ.

ಹೆಡ್ ಮತ್ತೆ ಕೂರಿಸುವಾಗ ಕೋನಿನ ತುದಿ ಮೆಶ್‌ಗೆ ತಾಗಿರಬೇಕು, ಆದರೆ ಅದನ್ನು ಉಬ್ಬುವ ಹಾಗೆ ಎತ್ತಬಾರದು. ಬೋಲ್ಟುಗಳನ್ನು ಎದುರುಬದುರಾಗಿಯೇ ಬಿಗಿಯಿರಿ. ಹೆಡ್ ತೀರಾ ಸಡಿಲ ಇದ್ದರೂ ರೀಟ್ರಿಗರ್ ಬರುತ್ತದೆ. ನಾವು ಮಾಸ್ಕ್ ಟೈಮನ್ನು 8ಕ್ಕೆ ಇಳಿಸಿ ಇನ್ನೂರು ಏಟು ಹೊಡೆದೆವು. ಒಂದೂ ಎರಡಾಗಲಿಲ್ಲ.

ಕಿಕ್ ಪ್ಯಾಡಿಗೆ ಒಂದು ಮಾತು ಬೇರೆ ಹೇಳಬೇಕು. ಅಲ್ಲಿ ಎರಡನೇ ನೋಟ್ ಹಲವು ಸಲ ನಿಜವಾದ ಏಟೇ ಆಗಿರುತ್ತದೆ. ಬೀಟರನ್ನು (ಪೆಡಲ್ ತುಳಿದಾಗ ಪ್ಯಾಡಿಗೆ ಬಡಿಯುವ ಕೋಲು) ಪ್ಯಾಡಿಗೆ ಒತ್ತಿ ಹಿಡಿಯುವವರ ಕಾಲು ತುಸು ನಡುಗಿದರೂ ಬೀಟರ್ ಇನ್ನೊಮ್ಮೆ ತಾಗುತ್ತದೆ. ಕೈಯಲ್ಲಿ ಬೀಟರ್ ಹಿಡಿದು ಒಮ್ಮೆ ಹೊಡೆದು ಬಿಡಿ. ಆಗ ಒಂದೇ ನೋಟ್ ಬಂದರೆ ಪ್ಯಾಡ್ ಸರಿ ಇದೆ, ಪೆಡಲ್ ಸ್ಪ್ರಿಂಗ್ ಬಿಗಿ ಮಾಡಿ ನೋಡಿ.

ಎರಡು ನೋಟ್, ಸಂಖ್ಯೆಯೇ ಬೇರೆ

ಕಿಕ್ ಹೊಡೆದರೆ 36 ಬರಬೇಕು. ಜೊತೆಗೆ 49 ಬಂದರೆ ಕ್ರ್ಯಾಶ್ ಅನ್ನುವ ಸಿಂಬಲ್ಲಿನ ಪ್ಯಾಡ್ ತಾನಾಗಿ ನುಡಿದಿದೆ. ಸಾಮಾನ್ಯ ಸಂಖ್ಯೆಗಳು ನೆನಪಿರಲಿ: ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42, ತೆರೆದದ್ದು 46, ಕ್ರ್ಯಾಶ್ 49, ರೈಡ್ (ಇನ್ನೊಂದು ಸಿಂಬಲ್) 51. ಹೀಗೆ ಬೇರೆ ಸಂಖ್ಯೆ ಜೊತೆಗೆ ಬರುವುದಕ್ಕೆ ಹೆಸರು ಕ್ರಾಸ್‌ಟಾಕ್. ಒಂದು ಪ್ಯಾಡಿನ ಅದುರು ಎಲ್ಲ ಪ್ಯಾಡುಗಳನ್ನು ಕಟ್ಟಿರುವ ರ್‍ಯಾಕ್ ಕೊಳವೆಯ ಮೂಲಕ ಇನ್ನೊಂದಕ್ಕೆ ಹೋಗುತ್ತಿದೆ.

ನನ್ನ ಮನೆಯಲ್ಲೇ ಆದದ್ದು. ಮೂರನೇ ಮಹಡಿ, ಕೆಳಗಿನ ಮನೆಯ ಕಾಕೂಗೆ ಕಿಕ್ ಪೆಡಲ್‌ನ ಬಡಿತ ಸೀಲಿಂಗಿನಲ್ಲಿ ಕೇಳುತ್ತಿತ್ತು. ಅವರಿಗೆ ತೊಂದರೆ ಆಗಬಾರದು ಅಂತ ಎರಡು ಪ್ಲೈವುಡ್ ಹಲಗೆ ನಡುವೆ ಟೆನಿಸ್ ಚೆಂಡು ಇಟ್ಟು ಕಿಟ್ಟನ್ನು ಅದರ ಮೇಲೆ ಕೂರಿಸಿದೆ. ಕೆಳಗೆ ಸದ್ದು ಬಹಳ ಕಡಿಮೆಯಾಯಿತು. ಮಾರನೇ ದಿನದಿಂದ ಕಿಕ್ ಒತ್ತಿದಾಗೆಲ್ಲ ದೂರದಲ್ಲಿ ಎಲ್ಲೋ ಕ್ರ್ಯಾಶ್ ಮಿನುಗಿದ ಹಾಗೆ ಕೇಳತೊಡಗಿತು. ಹಲಗೆ ತೂಗುತ್ತಿತ್ತು, ಅದರೊಟ್ಟಿಗೆ ರ್‍ಯಾಕ್ ತೂಗುತ್ತಿತ್ತು, ಕ್ರ್ಯಾಶ್‌ನ ಕ್ಲ್ಯಾಂಪ್ ಮೊದಲೇ ಸಡಿಲ ಇತ್ತು.

ಮೊದಲು ಕೈಯಲ್ಲಿ ಸರಿ ಮಾಡಿ, ಆಮೇಲೆ ಮಾಡ್ಯೂಲ್‌ಗೆ ಹೋಗಿ. ಅನುಮಾನದ ಪ್ಯಾಡನ್ನು ರ್‍ಯಾಕಿನಿಂದ ಕಳಚಿ ಕೇಬಲ್ ಇದ್ದಂತೆಯೇ ದಿಂಬಿನ ಮೇಲೆ ಇಡಿ. ಈಗ ಕಿಕ್ ಹೊಡೆದರೆ 49 ಬರುವುದಿಲ್ಲ ಅಂದರೆ ಅದುರು ರ್‍ಯಾಕಿನಿಂದಲೇ ಬರುತ್ತಿತ್ತು. ಕ್ಲ್ಯಾಂಪ್ ಬಿಗಿ ಮಾಡಿ, ಎರಡು ಸಿಂಬಲ್ ಒಂದಕ್ಕೊಂದು ತಾಗದ ಹಾಗೆ ತಿರುಗಿಸಿ, ಕಿಕ್ ಪ್ಯಾಡ್ ಕೂತಿರುವ ಗೋಪುರ ಹೈಹ್ಯಾಟ್ ಸ್ಟ್ಯಾಂಡಿಗೆ ಒರಗಿದ್ದರೆ ಬಿಡಿಸಿ. ಇಷ್ಟಾಗಿಯೂ ಉಳಿದದ್ದಕ್ಕೆ ಮಾತ್ರ ಕ್ರಾಸ್‌ಟಾಕ್ ಕ್ಯಾನ್ಸಲನ್ನು ಒಂದೊಂದೇ ಅಂಕ ಏರಿಸಿ. ಜಾಸ್ತಿ ಏರಿಸಿದರೆ ಕಿಕ್ ಮತ್ತು ಕ್ರ್ಯಾಶ್ ಒಟ್ಟಿಗೆ ಹೊಡೆದಾಗ ಒಂದು ನುಂಗಿಹೋಗುತ್ತದೆ, ಹಾಡಿನಲ್ಲಿ ಅವೆರಡು ಒಟ್ಟಿಗೆ ಬರುವುದೇ ಜಾಸ್ತಿ ಅಲ್ವಾ.

ಯಾರೂ ಹೊಡೆಯದೆ ನೋಟ್ ಬಂದರೆ ತ್ರೆಶೋಲ್ಡ್ ತೀರಾ ಕೆಳಗಿದೆ. ಅಡುಗೆಮನೆಯಲ್ಲಿ ಶುಂಠಿ ಕುಟ್ಟಿದರೆ ನನ್ನ ಕಿಕ್‌ನಲ್ಲಿ 3ರ ವೆಲಾಸಿಟಿಯ ನೋಟ್ ಬರುತ್ತಿತ್ತು, ಎರಡು ಅಂಕ ಏರಿಸಿದೆ, ನಿಂತಿತು.

ತಡ ಮತ್ತು ಗುಂಯ್

ಇವೆರಡನ್ನೂ ಜನ ಎರಡು ಸದ್ದಿನ ಜೊತೆ ಕಲಸಿಕೊಳ್ಳುತ್ತಾರೆ, ಅದಕ್ಕೇ ಚುಟುಕಾಗಿ ಹೇಳುತ್ತೇನೆ.

ಏಟು ಒಂದೇ, ಸದ್ದು ಒಂದೇ, ಆದರೆ ತಡ. ಬ್ಲೂಟೂತ್ ಹೆಡ್‌ಫೋನ್ ಇದ್ದರೆ ಮೊದಲು ಅದನ್ನು ತೆಗೆದಿಡಿ, ವೈರಿನದ್ದು ಹಾಕಿ. ವಿಂಡೋಸ್ ಆದರೆ ಇಂಟರ್‌ಫೇಸ್ ಕಂಪನಿಯ ಸ್ವಂತ ಆಸಿಯೋ (ತಡ ಕಡಿಮೆ ಮಾಡುವ) ಡ್ರೈವರ್ ಆರಿಸಿ. ಬಫರ್ 128 ಅಥವಾ 64 ಇಡಿ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಅಂದರೆ ನಿಜವಾದ ಸ್ನೇರ್ ಕೂಡ ಕಿವಿ ತಲುಪಲು ಎರಡು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾಗಾಗಿ ಸೊನ್ನೆಗೆ ಇಳಿಸಲು ಒದ್ದಾಡಬೇಡಿ. ಬಫರ್ ಕಡಿಮೆ ಇದ್ದೂ ತಡ ಇದ್ದರೆ ಮಾಸ್ಟರ್ ಟ್ರ್ಯಾಕಿನಲ್ಲಿ ಲಿಮಿಟರೋ ಲೀನಿಯರ್ ಫೇಸ್ ಈಕ್ಯೂವೋ, ಅಂದರೆ ಸದ್ದು ತಿದ್ದುವ ಯಾವುದೋ ಪ್ಲಗಿನ್, ಕೂತಿರಬಹುದು. ಅವು ಮುಂದಿನದನ್ನು ನೋಡಿಕೊಂಡು ಕೆಲಸ ಮಾಡುವಂಥವು, ಆದ್ದರಿಂದ ತಡ ಆಗಿಯೇ ಆಗುತ್ತದೆ. ನುಡಿಸುವಾಗ ಆಫ್ ಮಾಡಿ, ಮಿಕ್ಸ್ ಮಾಡುವಾಗ ಹಾಕಿಕೊಳ್ಳಿ.

ಗುಂಯ್ ಅನ್ನುವ ಸದ್ದು ನಿಲ್ಲದೆ ಇದ್ದರೆ ಅದು ಕರೆಂಟಿನದು. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಜ್, ಗುಂಯ್ ಕೂಡ 50, 100ರಲ್ಲೇ ಇರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ದೋಷ ಅರ್ಥಿಂಗ್ ಕಡೆ ಇದೆ. ಮಾಡ್ಯೂಲ್, ಇಂಟರ್‌ಫೇಸ್, ಲ್ಯಾಪ್‌ಟಾಪ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಮೂರು ಪಿನ್ನಿನ ಸರಿಯಾದ ಸಾಕೆಟ್ಟಿನಿಂದ. ಅರ್ಥ್ ಪಿನ್ ಕತ್ತರಿಸಿದರೆ ಗುಂಯ್ ನಿಲ್ಲುತ್ತದೆ ಅಂತ ಯಾರಾದರೂ ಹೇಳಬಹುದು. ಖಂಡಿತ ಮಾಡಬೇಡಿ, ಅದು ಜೀವ ಉಳಿಸುವ ಪಿನ್. ಹಳೆ ಕಟ್ಟಡದಲ್ಲಿ ಸಾಕೆಟ್ಟಿಗೆ ಅರ್ಥಿಂಗೇ ಇಲ್ಲ ಅಂತ ಅನುಮಾನ ಬಂದರೆ ಇಲೆಕ್ಟ್ರಿಷಿಯನ್‌ನ ಕರೆಸಿ.

ಆಗಲೇ ರೆಕಾರ್ಡ್ ಆಗಿರುವುದನ್ನು ಏನು ಮಾಡುವುದು

ಹುಡುಗ ಎರಡನೇ ಚಹಾ ತಂದುಕೊಡುತ್ತಾ ಇದನ್ನೇ ಕೇಳಿದ. ಅವನು ಮೂರು ಹಾಡು ಆಗಲೇ ನುಡಿಸಿಬಿಟ್ಟಿದ್ದ. ನುಡಿಸಿದ್ದು ಚೆನ್ನಾಗಿತ್ತು, ಬಿಸಾಡುವ ಮನಸ್ಸಾಗಲಿಲ್ಲ.

ಮಿಡಿಯಾಗಿ ಇದ್ದರೆ ಉಳಿಸಬಹುದು. ಮೊದಲು ಟ್ರ್ಯಾಕಿನ ಒಂದು ನಕಲು ಮಾಡಿ ಪಕ್ಕಕ್ಕೆ ಇಡಿ. ಒಂದು ಮಿಲಿಸೆಕೆಂಡಿನ ಜೋಡಿ ನೋಟುಗಳನ್ನು ಅಳಿಸುವುದು ಸುಲಭ, ಮೊದಲನೆಯದು ಕೂದಲೆಳೆಯಷ್ಟು ಚಿಕ್ಕದಾಗಿ ಉಳಿದಿರುತ್ತದೆ. ಉದ್ದದ ಮೇಲೆ ಆರಿಸಿ ಆ ತುಣುಕುಗಳನ್ನೆಲ್ಲ ಒಟ್ಟಿಗೆ ತೆಗೆಯಬಹುದು. ರೀಟ್ರಿಗರ್‌ನದ್ದು ಹಾಗಲ್ಲ. ಸ್ನೇರ್‌ನಲ್ಲಿ ವೆಲಾಸಿಟಿ 30ಕ್ಕಿಂತ ಕೆಳಗಿರುವುದನ್ನೆಲ್ಲ ಆರಿಸಿ ಅಳಿಸಿದರೆ ನೀವು ಬೇಕಂತಲೇ ನುಡಿಸಿದ ಗೋಸ್ಟ್ ನೋಟುಗಳೂ ಹೋಗುತ್ತವೆ. ಹಾಡಿನ ನಡೆ ಇರುವುದೇ ಆ ಮೆತ್ತನೆ ಏಟುಗಳಲ್ಲಿ. ಹಾಗಾಗಿ ಜೋರಾದ ಏಟಿನ ಹಿಂದೆ 50 ಮಿಲಿಸೆಕೆಂಡಿನೊಳಗೆ ಬಂದ ಮೆತ್ತನೆ ನೋಟನ್ನು ಮಾತ್ರ, ಒಂದೊಂದಾಗಿ ನೋಡಿ, ಕೇಳಿ, ಅಳಿಸಿ. ಮೂರು ಹಾಡಿಗೆ ನಮಗೆ ಒಂದೂಮುಕ್ಕಾಲು ಗಂಟೆ ಬೇಕಾಯಿತು. ಅವನು ಮೌಸ್ ಹಿಡಿದಿದ್ದ, ನಾನು ಪಕ್ಕದಲ್ಲಿ ಕೂತು ಹೌದು, ಅಲ್ಲ ಅನ್ನುತ್ತಿದ್ದೆ.

ಎರಡು ಹಾಡು ಪೂರ್ತಿ ಸರಿಯಾದವು. ಮೂರನೆಯದರಲ್ಲಿ ಚರಣಕ್ಕೆ ಮೊದಲು ಒಂದು ಉದ್ದ ರೋಲ್ ಇತ್ತು, ಅದರಲ್ಲಿ ಯಾವುದು ಕೈಯದು, ಯಾವುದು ಪ್ಯಾಡಿನದು ಅಂತ ಬೇರೆ ಮಾಡಲು ಆಗಲೇ ಇಲ್ಲ. ಅದೊಂದನ್ನು ಅವನು ಅಲ್ಲೇ ಕೂತು ಮತ್ತೆ ನುಡಿಸಿದ. ನಾಲ್ಕನೇ ಹಾಡನ್ನು ಮಾರನೇ ವಾರ ಒಬ್ಬನೇ ರೆಕಾರ್ಡ್ ಮಾಡಿ ಕಳಿಸಿದ, ಜೊತೆಗೆ ಟ್ರಿಗರ್ ಸೆಟ್ಟಿಂಗಿನ ಎಂಟು ಫೋಟೋ.